ಕೆಲಸಕ್ಕೆ ಕರೆಯದ ಕಣ್ಣು

ಮೊನ್ನೆ ಬೆಳಿಗ್ಗೆ ಗಾಂಧಿಬಜಾರಿನಲ್ಲಿ ಬಸ್ಸಿನಿಂದ ಇಳಿದ ಕೂಡಲೇ ಅವರೆಕಾಯಿಯ ಸೊಗಡು ಮೂಗಿಗೆ ಬಡಿಯಿತು. ಗೋಣಿಚೀಲ ಹಾಸಿ, ರಾಶಿ ಸುರಿದುಕೊಂಡು, ತಲೆಗೆ ಟವೆಲ್ಲು ಸುತ್ತಿಕೊಂಡ ಹೆಂಗಸರು ಸಾಲಾಗಿ ಕೂತಿದ್ದರು. ಇಬ್ಬನಿ ಕುಡಿದ ಕಾಯಿ. ಮುಟ್ಟಿದರೆ ಕೈಗೆ ಅಂಟಿಕೊಳ್ಳುವ ಆ ಎಣ್ಣೆಯಂಥ ವಾಸನೆ ಸೋಪು ಹಾಕಿ ತಿಕ್ಕಿದರೂ ಮಧ್ಯಾಹ್ನದವರೆಗೆ ಬೆರಳು ಬಿಟ್ಟು ಹೋಗುವುದಿಲ್ಲ. ನನ್ನ ಹೆಂಡತಿ ಜಯಮ್ಮ ಒಂದು ಕಾಯಿ ಎತ್ತಿ ಮೂಸಿ ನೋಡಿದಳು.

"ಸೊಗಡಿದೆ ರೀ. ಫೋಟೋ ತೆಗೆಸ್ಕೊಂಡು ವಾಪಸ್ ಬರ್ತಾ ತಗೊಳ್ಳೋಣ."

ಈ ವಾಸನೆ ಬಂದರೆ ಊರಿನವರಿಗೆಲ್ಲ ಉಪ್ಪಿಟ್ಟೋ ಸಾರೋ ನೆನಪಾಗುತ್ತದೆ. ನನಗೆ ನೆನಪಾಗುವುದು ಒಂದು ಹಸಿರು ಚುಕ್ಕಿ. ಗದ್ದ ಊರಿ, ಹಣೆ ಒತ್ತಿ, ಆ ಚುಕ್ಕಿಯನ್ನೇ ನೋಡುತ್ತ ಉಸಿರು ಹಿಡಿದು ಕೂತ ಒಂದು ಚಳಿಗಾಲ. ಕೆಲವು ವರ್ಷಗಳ ಹಿಂದಿನ ಮಾತು. ಆ ಸಲವೂ ಅವರೆಕಾಯಿ ಹೀಗೇ ಚೆನ್ನಾಗಿ ಬಂದಿತ್ತು.

ನನ್ನದು ವಾಚ್ ರಿಪೇರಿ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಒಳಗೆ ಒಬ್ಬ ಕೂತರೆ ಇನ್ನೊಬ್ಬ ಹೊರಗೇ ನಿಲ್ಲಬೇಕಾದಂಥ ಅಂಗಡಿ. ಅಪ್ಪ ಚಿಕ್ಕಪೇಟೆಯಲ್ಲಿ ಬಟ್ಟೆಯ ಮೂಟೆ ಹೊರುತ್ತಿದ್ದರು. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟು ನಾನೂ ಅವರ ಹಿಂದೆ ಪೇಟೆಗೆ ಹೋದೆ. ಆದರೆ ಮೂಟೆಗೆ ಬೆನ್ನು ಕೊಡಲಿಲ್ಲ. ಒಂದು ಗಲ್ಲಿಯ ಮೂಲೆಯಲ್ಲಿ ವಾಚ್ ರಿಪೇರಿ ಮಾಡುತ್ತಿದ್ದ ಮೇಷ್ಟ್ರ ಮುಂದೆ ಹೋಗಿ ಕೂತೆ. ಅವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು, ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಅವರು ನನಗೆ ಮೊದಲು ಕಲಿಸಿದ್ದು ವಾಚು ಬಿಚ್ಚುವುದನ್ನಲ್ಲ, ಕಣ್ಣು ಮುಚ್ಚುವುದನ್ನು.

"ಬಲಗಣ್ಣಿಗೆ ಲೆನ್ಸ್ ಸಿಕ್ಕಿಸ್ಕೊ. ಎಡಗಣ್ಣು ಮುಚ್ಚು. ಎರಡೂ ತೆರ್ಕೊಂಡು ಕೂತ್ರೆ ಎರಡು ಮನೆ ಸಂಸಾರ ಮಾಡ್ದಂಗೆ, ಯಾವ್ದೂ ನೆಟ್ಟಗಾಗಲ್ಲ."

ಅವತ್ತು ಮುಚ್ಚಿದ ಎಡಗಣ್ಣನ್ನು ಕೆಲಸದ ಹೊತ್ತಿನಲ್ಲಿ ನಾನು ಮತ್ತೆ ತೆರೆದೇ ಇಲ್ಲ ಅನ್ನಬಹುದು. ಬೆಳಿಗ್ಗೆ ಶಟರ್ ಎತ್ತಿದರೆ ಬಲಗಣ್ಣಿಗೆ ದುಡಿಮೆ ಶುರು, ಎಡಗಣ್ಣಿಗೆ ರಜ. ಊರಿನಲ್ಲಿ ಎಷ್ಟೋ ಅಂಗಡಿಗಳು ಬ್ಯಾಟರಿ ಬದಲಾಯಿಸುವುದಕ್ಕಷ್ಟೇ ಇಳಿದ ಕಾಲದಲ್ಲೂ, ಕೀಲಿ ಕೊಡುವ ವಾಚು ಹಿಡಿದುಕೊಂಡು ಮಲ್ಲೇಶ್ವರದಿಂದ, ವೈಯಾಲಿಕಾವಲಿನಿಂದ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. "ವಾಚ್ ಮುನಿರಾಜು ಎಲ್ಲಿ" ಎಂದರೆ ಸರ್ಕಲ್ಲಿನ ಆಟೋದವರು ಕೈ ತೋರಿಸುತ್ತಿದ್ದರು. ಅದು ನನ್ನ ಬಲಗಣ್ಣು ಸಂಪಾದಿಸಿದ ಹೆಸರು. ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ ನಾನು, ತಗ್ಗಿಸಿದರೆ ವಾಚಿನ ಮುಂದೆ ಮಾತ್ರ.

ಗಿರಾಕಿಗಳ ಹತ್ತಿರ ನಾನು ಒಂದು ಮಾತು ಯಾವಾಗಲೂ ಹೇಳುತ್ತಿದ್ದೆ. ವಾಚು ಕಿವಿಗೆ ಹಿಡಿದರೆ ಒಳಗೆ ಎಣ್ಣೆ ಒಣಗಿರುವುದು ನನಗೆ ಗೊತ್ತಾಗುತ್ತದೆ. ಒಮ್ಮೆ ಬಿಚ್ಚಿ ಸರ್ವಿಸ್ ಮಾಡಬೇಕು ಎಂದರೆ, "ಓಡ್ತಾ ಇದ್ಯಲ್ಲ, ಯಾಕೆ ಬಿಚ್ಬೇಕು?" ಅನ್ನುವವರೇ ಎಲ್ಲರೂ. ಆಗ ನಾನು ಹೇಳುವುದು: "ಓಡ್ತಿರೋ ವಾಚನ್ನೇ ಬಿಚ್ಚಿಸ್ಬೇಕು ಸಾರ್. ನಿಂತ್ಮೇಲೆ ತಂದ್ರೆ ನಾನೂ ನೋಡ್ತಾ ಕೂರ್ಬೇಕಷ್ಟೇ." ಒಣಗಿದ ಎಣ್ಣೆಯಲ್ಲೂ ವಾಚು ಸರಿಯಾದ ಟೈಮೇ ತೋರಿಸುತ್ತಿರುತ್ತದೆ. ಒಳಗೆ ಮಾತ್ರ ಚಕ್ರಗಳು ತಮ್ಮನ್ನು ತಾವೇ ತೇಯ್ದುಕೊಳ್ಳುತ್ತಿರುತ್ತವೆ. ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ನನಗೆ ನಾನು ಹೇಳಿಕೊಂಡಿರಲಿಲ್ಲ.

ಸಕ್ಕರೆ ಕಾಯಿಲೆ ನಮ್ಮ ಮನೆಗೆ ಮೊದಲು ತಂದವಳು ಜಯಮ್ಮ. ಅವಳ ತಾಯಿಯ ಕಡೆಯಿಂದ ಬಂದದ್ದು. ಅವಳು ಡಾಕ್ಟರ್ ಹಾಕಿದ ಗೆರೆ ದಾಟುವವಳಲ್ಲ. ಬೆಳಿಗ್ಗೆ ವಾಕಿಂಗು, ಅಳತೆ ಅನ್ನ, ಹೊತ್ತಿಗೆ ಸರಿಯಾಗಿ ಮಾತ್ರೆ. ಆಮೇಲೆ ನನಗೂ ಇದೆ ಎಂದು ಗೊತ್ತಾಯಿತು. ನನಗೆ ತಲೆ ಸುತ್ತುವುದಿಲ್ಲ, ಕಾಲು ಉರಿಯುವುದಿಲ್ಲ. ಹಾಗಾಗಿ ಜ್ಞಾಪಕ ಬಂದ ದಿನ ಮಾತ್ರೆ, ಬಾರದ ದಿನ ಇಲ್ಲ. ಅವರೆಕಾಯಿ ಕಾಲ ಬಂತೆಂದರೆ ಪಕ್ಕದ ಬೀಗದ ಅಂಗಡಿಯ ಬಾಷಾನನ್ನು ಕರೆದುಕೊಂಡು ವಿ.ವಿ. ಪುರದ ತಿಂಡಿ ಬೀದಿಗೆ ಹೋಗಿ ಅವರೆಬೇಳೆಯ ಜಿಲೇಬಿ ತಿನ್ನುತ್ತಿದ್ದೆ. "ಬೇಳೆ ಇದೆಯಲ್ಲಪ್ಪ, ಇದು ಊಟದ ಲೆಕ್ಕ," ಎಂದು ಬಾಷಾನಿಗೆ ನಾನೇ ಸಮಾಧಾನ ಹೇಳುತ್ತಿದ್ದೆ.

ಆ ವರ್ಷ ನಮ್ಮ ಬೀದಿಯ ಸಕ್ಕರೆ ಕಾಯಿಲೆ ಕ್ಲಿನಿಕ್ಕಿನಲ್ಲಿ ಹೊಸದೊಂದು ಸುದ್ದಿ ಹುಟ್ಟಿತು. ಕಣ್ಣಿನ ಡಾಕ್ಟರು ಒಂದು ಕ್ಯಾಮೆರಾ ತರುತ್ತಾರಂತೆ, ಸಕ್ಕರೆ ಇರುವವರೆಲ್ಲ ಕಣ್ಣಿನ ಫೋಟೋ ತೆಗೆಸಿಕೊಳ್ಳಬೇಕಂತೆ. ಜಯಮ್ಮ ಆ ವಿಷಯ ಕೇಳಿದ ದಿನದಿಂದ ಮಂಕಾದಳು. ಅವಳ ತಾಯಿಗೆ ಸಕ್ಕರೆಯಿಂದಲೇ ಕಣ್ಣು ಹೋಗಿತ್ತು. ಕೊನೆಗಾಲದಲ್ಲಿ ಆಯಮ್ಮ ಮಕ್ಕಳನ್ನು ಬಳೆ ಸದ್ದಿನಿಂದ ಗುರುತು ಹಿಡಿಯುತ್ತಿದ್ದರು.

"ನಾನು ಬರಲ್ಲ ರೀ. ತೆಗೆದ್ರೆ ತಾನೇ ಅದು ಇದು ಕಾಣೋದು? ಕಂಡ್ಮೇಲೆ ನಾನು ನಿದ್ದೆ ಮಾಡ್ಲಾ?"

"ಲೇ, ಫೋಟೋ ಕಣೇ, ಆಪರೇಷನ್ ಅಲ್ಲ."

"ನಿಮಗೇನು, ಹೇಳ್ತೀರಿ."

"ಸರಿ, ಮೊದ್ಲು ನಾನು ಕೂರ್ತೀನಿ. ನೋಡ್ಕೊ. ನೋವಾದ್ರೆ ಹೇಳ್ತೀನಿ, ಎದ್ದು ಮನೆಗೆ ಬಂದ್ಬಿಡೋಣ."

ಬಾಷಾ ಅಂಗಡಿಯ ಹೊರಗಿನಿಂದ ಇದನ್ನೆಲ್ಲ ಕೇಳಿಸಿಕೊಂಡು, "ಆಧಾರ್ ಕಾರ್ಡಿಗೆ ಕಣ್ಣಿನ ಫೋಟೋ ತೆಗ್ದಿದಾರಲ್ಲ ಗುರು, ಅದನ್ನೇ ತೋರ್ಸಕ್ಕಾಗಲ್ವಾ?" ಎಂದ. ಒಳ್ಳೆಯ ಮಾತು ಅನ್ನಿಸಿತು. ಕ್ಲಿನಿಕ್ಕಿಗೆ ಹೋದಾಗ ಕ್ಯಾಮೆರಾ ಹತ್ತಿರ ಕೂತಿದ್ದ ಹುಡುಗಿಗೆ ನಾನು ಅದನ್ನೇ ಹೇಳಿದೆ. ಅವಳ ಹೆಸರು ಚೈತ್ರಾ. ನಗು ತಡೆದುಕೊಂಡು ಹೇಳಿದಳು:

"ಅಂಕಲ್, ಅದು ಕಣ್ಣಿನ ಮುಂದುಗಡೆ. ನಮಗೆ ಬೇಕಿರೋದು ಹಿಂದುಗಡೆ, ಒಳಗಿನ ಪರದೆ."

"ಹಿಂದಿನ ಮುಚ್ಚಳ ತೆಗೀತೀಯ ಅನ್ನು."

"ತೆಗೆಯಲ್ಲ. ಮುಂದಿನ ಗಾಜಿನಿಂದಾನೇ ಬಗ್ಗಿ ನೋಡ್ತೀವಿ."

ಮುಚ್ಚಳ ತೆಗೆಯದೆ ಒಳಗಿನ ಮಷೀನು ನೋಡುವುದು ನನ್ನ ಕಸುಬಿನಲ್ಲಿ ಆಗದ ಮಾತು. ಕುತೂಹಲ ಹುಟ್ಟಿತು.

ಫೋಟೋಗೆ ಮೊದಲು ಗೋಡೆಯ ಮೇಲಿನ ಅಕ್ಷರ ಓದಿಸಿದರು. ಎಡಗಣ್ಣು ಮುಚ್ಚಿಕೊಂಡು ಕೊನೆಯ ಸಾಲಿನವರೆಗೂ ಪಟಪಟ ಓದಿ, ಜಯಮ್ಮನ ಕಡೆ ನೋಡಿದೆ. ಬಲಗಣ್ಣು ಮುಚ್ಚಿ ಓದಿ ಎಂದಾಗ ಮೇಲಿನ ದೊಡ್ಡಕ್ಷರವೇ ಮಸುಕಾಗಿತ್ತು. ನನಗೆ ಆಶ್ಚರ್ಯವಾಗಲಿಲ್ಲ.

"ಅದು ಸೋಮಾರಿ ಕಣ್ಣಮ್ಮ. ಅದನ್ನ ನಾನು ಕೆಲಸಕ್ಕೇ ಕರೆದಿಲ್ಲ. ಅಭ್ಯಾಸ ತಪ್ಪಿದೆ."

"ಯಾವಾಗಿಂದ ಹೀಗಿದೆ ಅಂಕಲ್?"

ಯಾವಾಗಿನಿಂದ? ಮುಚ್ಚಿಟ್ಟ ಕಣ್ಣಿಗೆ ಏನು ಕಾಣುತ್ತದೆ ಎಂದು ಯಾರು ನೋಡಲು ಹೋಗುತ್ತಾರೆ? ಚೈತ್ರಾ ಚೀಟಿಯಲ್ಲಿ ಏನೋ ಬರೆದುಕೊಂಡಳು. ಪಾಪೆ ಅಗಲವಾಗಲಿ ಎಂದು ಕಣ್ಣಿಗೆ ಹನಿ ಬಿಟ್ಟು ಕೂರಿಸಿದಳು. ಆಮೇಲೆ ಗದ್ದ ಊರುವ ಕಡೆ ಗದ್ದ, ಹಣೆ ಒತ್ತುವ ಪಟ್ಟಿಗೆ ಹಣೆ. ಎದುರಿಗೆ ಹಸಿರು ಚುಕ್ಕಿ. "ಅದನ್ನೇ ನೋಡಿ, ರೆಪ್ಪೆ ಮಿಟುಕಿಸಬೇಡಿ" ಅಂದಳು. ರೆಪ್ಪೆ ಮಿಟುಕಿಸದೆ ಕೂರುವುದು ನನಗೆ ಹೊಸದೇ? ಫಳಾರನೆ ಬೆಳಕು ಬಂತು, ಕಣ್ಣೊಳಗೆ ಮಿಂಚು ಹೊಡೆದ ಹಾಗೆ. ಅಷ್ಟೇ. ಆಮೇಲೆ ಸ್ವಲ್ಪ ಹೊತ್ತು ಎಲ್ಲಿ ನೋಡಿದರೂ ನೇರಳೆ ಬಣ್ಣದ ಚಂದ್ರ ತೇಲುತ್ತಿತ್ತು.

"ಏನೂ ಇಲ್ಲ ಬಾರೇ," ಎಂದು ಜಯಮ್ಮನನ್ನು ಕರೆದೆ. ಅವಳು ಸೆರಗು ಬಿಗಿಯಾಗಿ ಹೊದ್ದುಕೊಂಡು, ನನ್ನ ತೋಳು ಹಿಡಿದುಕೊಂಡೇ ಕೂತು ಫೋಟೋ ತೆಗೆಸಿಕೊಂಡಳು.

ಒಳಗಿನ ಕೋಣೆಯಲ್ಲಿ ಕಣ್ಣಿನ ಡಾಕ್ಟರು ಕೂತಿದ್ದರು. ನಮಗೆ ಮಗಳಾಗುವ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರಿನ ಪರದೆ ನಮ್ಮ ಕಡೆಗೆ ತಿರುಗಿಸಿ ಮೊದಲು ಜಯಮ್ಮನ ಕಣ್ಣು ತೋರಿಸಿದರು. ದುಂಡಗೆ, ಕಿತ್ತಳೆ ಬಣ್ಣದ ಡಯಲಿನ ಹಾಗಿತ್ತು. ಒಂದು ಪಕ್ಕದಲ್ಲಿ ಹಳದಿಯ ಹೊಳೆಯುವ ಬಿಲ್ಲೆ, ಅಲ್ಲಿಂದ ಹೊರಟ ಕೆಂಪು ನಾಳಗಳು ಎಲೆ ಉದುರಿದ ಕೊಂಬೆಗಳಂತೆ ಹರಡಿದ್ದವು. ಅಂಥ ಚೆಂದದ ವಸ್ತುವನ್ನು ನಾನು ಯಾವ ವಾಚಿನೊಳಗೂ ನೋಡಿರಲಿಲ್ಲ. ಹಳೆಯ ಸೀರೆ ಉಟ್ಟು ನನ್ನ ಪಕ್ಕ ಹೆದರಿಕೊಂಡು ಕೂತಿದ್ದ ಈ ಹೆಂಗಸಿನ ಕಣ್ಣಿನ ಹಿಂದೆ ಇಂಥದ್ದೊಂದು ಇದೆ ಎಂದು ಇಷ್ಟು ವರ್ಷ ಸಂಸಾರ ಮಾಡಿದರೂ ಗೊತ್ತಿರಲಿಲ್ಲ.

"ನಿಮ್ಮದು ಕ್ಲೀನಾಗಿದೆಯಮ್ಮಾ. ಹೀಗೇ ನೋಡ್ಕೊಳ್ಳಿ," ಅಂದರು ಡಾಕ್ಟರು.

ಜಯಮ್ಮ ಕೈ ಮುಗಿದೇಬಿಟ್ಟಳು. ನಾನು ಏಳುವುದಕ್ಕೆ ಕುರ್ಚಿ ಸರಿಸಿದೆ.

"ಯಜಮಾನ್ರೇ, ಕೂತ್ಕೊಳ್ಳಿ. ನಿಮ್ಮದು ನೋಡೋಣ."

ನನ್ನ ಎಡಗಣ್ಣು ಪರದೆಯ ಮೇಲೆ ಬಂತು. ಅದೇ ಕಿತ್ತಳೆ ಡಯಲು, ಅದೇ ಕೊಂಬೆಗಳು. ಆದರೆ ಅಲ್ಲಲ್ಲಿ ಕೆಂಪು ಮಸಿ ಚೆಲ್ಲಿದಂತೆ ಕಲೆಗಳು. ನಡುವಿನಲ್ಲಿ ಮೇಣ ತೊಟ್ಟಿಕ್ಕಿದ ಹಾಗೆ ಹಳದಿ ಚುಕ್ಕೆಗಳು. ಡಾಕ್ಟರು ಪೆನ್ನಿನ ತುದಿಯಿಂದ ತೋರಿಸುತ್ತ ಹೋದರು. ನೋಟದ ನಡುಭಾಗ ಊದಿಕೊಂಡಿದೆ. ಇಂಜೆಕ್ಷನ್ ಕೊಡಬೇಕು. ಎಷ್ಟು ವಾಪಸ್ ಬರುತ್ತದೆ ಎಂದು ಈಗಲೇ ಹೇಳಲಾಗದು.

"ಅದು ಹೋದ್ರೂ ಪರವಾಗಿಲ್ಲ ಮೇಡಂ. ನನ್ನ ಕೆಲಸಕ್ಕೆ ಅದು ಬೇಕಾಗಿಲ್ಲ."

"ನನಗೆ ಜಾಸ್ತಿ ಚಿಂತೆ ಇರೋದು ನಿಮ್ಮ ಬಲಗಣ್ಣಿಂದು."

"ಬಲಗಣ್ಣಾ? ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ನೋಡ್ತೀನಿ ಅದ್ರಲ್ಲಿ. ಈಗ ತಾನೇ ಕೊನೇ ಸಾಲು ಓದಿದ್ನಲ್ಲ!"

"ಇವತ್ತು ಓದಿದ್ರಿ. ಇಲ್ಲಿ ನೋಡಿ." ಅವರು ಬಲಗಣ್ಣಿನ ಚಿತ್ರ ತಂದರು. ನಡುಭಾಗ ಸ್ವಚ್ಛವಾಗಿತ್ತು. ಅದರಾಚೆ ನಾಳಗಳ ತುದಿಯಲ್ಲಿ ತೆಳ್ಳಗೆ, ಸಿಕ್ಕುಸಿಕ್ಕಾಗಿ ಏನೋ ಚಿಗುರಿತ್ತು. "ಸಕ್ಕರೆಯಿಂದ ಹಳೇ ರಕ್ತನಾಳ ಕಟ್ಟಿಕೊಂಡಿದೆ. ಅದಕ್ಕೆ ಹೊಸದು ಹುಟ್ತಿದೆ. ಇದು ಗಟ್ಟಿ ಇರಲ್ಲ. ಯಾವಾಗ ಬೇಕಾದ್ರೂ ಒಡೆದು ಕಣ್ಣೊಳಗೆ ರಕ್ತ ತುಂಬ್ಕೋಬಹುದು. ಆಗ ಬೆಳಿಗ್ಗೆ ಎದ್ದಾಗ ಬರೀ ಕತ್ತಲೆ. ಈಗ್ಲೇ ಲೇಸರ್ ಮಾಡಿದ್ರೆ ಉಳಿಸ್ಕೋಬಹುದು."

"ಲೇಸರ್ ಅಂದ್ರೆ?"

"ಅಂಚಿನಲ್ಲಿ ಸಣ್ಣ ಸಣ್ಣದಾಗಿ ಬೆಳಕಿನಿಂದ ಸುಡೋದು."

ಸುಡುವುದು! ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

"ಎಡಗಣ್ಣಿಗೆ ಏನ್ ಬೇಕಾದ್ರೂ ಮಾಡಿ ಮೇಡಂ, ಬೇಡ ಅನ್ನಲ್ಲ. ಬಲಗಣ್ಣು ಮಾತ್ರ ಮುಟ್ಬೇಡಿ."

ಹೇಳಿ ಎದ್ದು ಬಂದೆ. ಜಯಮ್ಮ ಹಿಂದೆಯೇ ಬಂದಳು. ಹನಿ ಬಿಟ್ಟಿದ್ದರಿಂದ ರಸ್ತೆಯ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಬಂದವಳು ನಗಲೂ ಇಲ್ಲ, ಅಳಲೂ ಇಲ್ಲ. ತನ್ನ ಕಣ್ಣು ಚೆನ್ನಾಗಿದೆ ಅನ್ನುವುದನ್ನು ಅವಳು ಆ ಕೋಣೆಯಲ್ಲೇ ಮರೆತು ಬಂದಿದ್ದಳು.

ಆಮೇಲಿನ ದಿನಗಳು ಹೇಗೆ ಕಳೆದವು ಎಂದರೆ, ಅವಳು ಕೇಳುವುದು, ನಾನು ರೇಗುವುದು. ಚಳಿ ಬಿದ್ದಿತ್ತು. ಬೆಳಿಗ್ಗೆ ಅಂಗಡಿ ತೆರೆಯುವಾಗ ರಸ್ತೆಯ ತುದಿ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಅದು ಮಂಜೋ ನನ್ನ ಕಣ್ಣೋ ಎಂದು ಅನುಮಾನ ಬರುತ್ತಿತ್ತು. ಬಾಷಾನನ್ನು ಕೇಳುತ್ತಿದ್ದೆ:

"ಏಯ್, ಮಂಜಿದೆಯೇನೋ?"

"ಇದೆ ಗುರು. ಯಾಕೆ, ನಿಂಗೆ ಕಾಣ್ತಿಲ್ವಾ?"

"ಮಂಜು ಕಾಣ್ತಿದೆ. ಅದಕ್ಕೇ ಕೇಳ್ದೆ."

"ಡಾಕ್ಟ್ರ ಹತ್ರ ಹೋಗಪ್ಪ ಸುಮ್ನೆ. ಅತ್ಗೆ ದಿನಾ ನನ್ನ ಹತ್ರ ಬಂದು ಗೋಳಾಡ್ತಾರೆ, ನಾನೇನು ನಿನ್ನ ಕಣ್ಣಿಗೆ ಡೂಪ್ಲಿಕೇಟ್ ಕೀ ಮಾಡ್ಕೊಡಕ್ಕಾಗುತ್ತಾ?"

ಒಂದು ಬೆಳಿಗ್ಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅಂಗಡಿಯ ಗೋಡೆ ಗಡಿಯಾರದ ಎದುರು ಕೂತೆ. ಮೇಷ್ಟ್ರು ಕಲಿಸಿದ್ದಕ್ಕೆ ತದ್ವಿರುದ್ಧವಾಗಿ ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದೆ. ಅಂಕಿಗಳು ಸುತ್ತ ನಿಂತಿದ್ದು ಅಷ್ಟಿಷ್ಟು ತಿಳಿಯುತ್ತಿತ್ತು. ನಡುವೆ ಮಾತ್ರ ಬೂದು ಬಣ್ಣದ ಒಂದು ತೇಪೆ. ಮುಳ್ಳುಗಳೇ ಇಲ್ಲ. ಟಿಕ್ ಟಿಕ್ ಸದ್ದು ಕೇಳುತ್ತಿದೆ, ಗಡಿಯಾರ ಓಡುತ್ತಿದೆ, ಮುಳ್ಳಿಲ್ಲ. ಬಲಗಣ್ಣು ತೆರೆದೆ, ಮುಳ್ಳು ಬಂತು. ಮುಚ್ಚಿದೆ, ಹೋಯಿತು. ಎಷ್ಟೋ ಹೊತ್ತು ಹಾಗೆ ತೆರೆಯುತ್ತ ಮುಚ್ಚುತ್ತ ಕೂತಿದ್ದೆ. ಈ ಕಣ್ಣು ಯಾವತ್ತೋ ಒಳಗೊಳಗೇ ಕೆಟ್ಟಿದೆ. ಮುಚ್ಚಿಕೊಂಡೇ ಇದ್ದದ್ದರಿಂದ ನನಗೆ ಸುದ್ದಿ ಮುಟ್ಟಿಲ್ಲ. ನಾಳೆ ಬಲಗಣ್ಣೂ ಹೀಗಾದರೆ? ಲೆನ್ಸು ಎಲ್ಲಿಗೆ ಸಿಕ್ಕಿಸಲಿ?

ಅಷ್ಟಾದರೂ ಲೇಸರಿಗೆ ಹೂಂ ಅನ್ನಲು ಬಾಯಿ ಬರಲಿಲ್ಲ. ಚೆನ್ನಾಗಿ ಕಾಣುತ್ತಿರುವ ಕಣ್ಣನ್ನು ಸುಡುವುದಕ್ಕೆ ಯಾರಾದರೂ ಕೊಡುತ್ತಾರೆಯೇ?

ಮಧ್ಯಾಹ್ನ ಜಯಮ್ಮ ಊಟದ ಡಬ್ಬಿ ತಂದಿದ್ದಳು. ಅವಳು ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚುವಷ್ಟರಲ್ಲಿ ಬಸವನಗುಡಿಯ ಹಳೆಯ ಗಿರಾಕಿಯೊಬ್ಬರು ಬಂದರು. ರಿಟೈರಾದ ಟೀಚರು. ಅವರ ಕೀಲಿ ವಾಚಿಗೆ ಹೊಸ ಪಟ್ಟಿ ಹಾಕಿಸಬೇಕಿತ್ತು. ವಾಚು ತೆಗೆದುಕೊಂಡು ಅಭ್ಯಾಸಬಲದಿಂದ ಕಿವಿಗೆ ಹಿಡಿದೆ.

"ಮೇಡಂ, ಎಣ್ಣೆ ಒಣಗಿದೆ. ಒಂದ್ಸಲ ಬಿಚ್ಚಿ ಸರ್ವಿಸ್ ಮಾಡ್ಬಿಡ್ತೀನಿ."

"ಬೇಡ ಮುನಿರಾಜು. ಚೆನ್ನಾಗಿ ಓಡ್ತಾ ಇದೆ. ರೇಡಿಯೋ ಟೈಮಿಗೆ ಸರಿಯಾಗಿದೆ."

"ಓಡ್ತಿರೋ ವಾಚನ್ನೇ ಬಿಚ್ಚಿಸ್ಬೇಕು ಮೇಡಂ. ನಿಂತ್ಮೇಲೆ ತಂದ್ರೆ ನಾನೂ ನೋಡ್ತಾ..."

ಅಲ್ಲಿಗೇ ಮಾತು ನಿಂತಿತು. ಸ್ಟೂಲಿನ ಕಡೆಯಿಂದ ಡಬ್ಬಿಯ ಸದ್ದು ನಿಂತಿತ್ತು. ಟೀಚರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ಏನೋ ಗಂಡಹೆಂಡಿರ ವಿಷಯ ಎಂದು ಅರ್ಥವಾಗಿ, "ಸರಿ, ಇಟ್ಕೊಳ್ಳಿ, ಮುಂದಿನ ವಾರ ಬರ್ತೀನಿ" ಎಂದು ವಾಚು ಬಿಟ್ಟು ಹೋದರು.

ಜಯಮ್ಮ ಡಬ್ಬಿಯಿಂದ ಅನ್ನ ಬಡಿಸುತ್ತ ತಲೆ ಎತ್ತದೆ ಹೇಳಿದಳು:

"ಪಾಪ, ಆ ಡಾಕ್ಟ್ರಮ್ಮ ನಿಮ್ಮ ಹತ್ರಾನೇ ಕೆಲಸ ಕಲ್ತಿರ್ಬೇಕು."

"ವಾಚೇ ಬೇರೆ, ಕಣ್ಣೇ ಬೇರೆ."

"ಹೌದಲ್ವಾ. ವಾಚಾದ್ರೆ ಇನ್ನೊಂದು ಸಿಗುತ್ತೆ."

ಅವಳು ಸಾರು ಹಾಕಿದಳು. ಹಿತುಕಿದ ಬೇಳೆಯ ಸಾರು.

"ನಮ್ಮಮ್ಮಂಗೆ ಯಾರೂ ಫೋಟೋ ತೆಗೀಲಿಲ್ಲ ರೀ. ಅವಳೂ ಚೆನ್ನಾಗಿ ಕಾಣುತ್ತೆ, ಚೆನ್ನಾಗಿ ಕಾಣುತ್ತೆ ಅಂತಿದ್ಲು. ಗೊತ್ತಾಗೋ ಹೊತ್ತಿಗೆ ಗೋಡೆ ಹಿಡ್ಕೊಂಡು ಓಡಾಡ್ತಿದ್ಲು. ನಾನು ನನ್ನ ಕಣ್ಣಿಗೆ ಅಂತ ಹೆದರ್ಕೊಂಡಿದ್ದೆ. ದೇವ್ರು ಅದನ್ನ ತಪ್ಪಿಸಿ ಇದನ್ನ ತೋರಿಸ್ದ."

ಹೇಳಿ ಬಳೆ ಸರಿಮಾಡಿಕೊಂಡಳು. ಆ ಬಳೆಯ ಸದ್ದು ನನ್ನ ಕಿವಿಯಲ್ಲಿ ಬಹಳ ಹೊತ್ತು ಉಳಿಯಿತು.

"ನಾಳೆ ಬೆಳಿಗ್ಗೆ ಹೋಗೋಣ," ಅಂದೆ.

ಲೇಸರು ದೊಡ್ಡ ಕಣ್ಣಾಸ್ಪತ್ರೆಯಲ್ಲಿ, ಮಾಡುವವರು ಅದೇ ಡಾಕ್ಟರು. ಮತ್ತೆ ಗದ್ದ ಊರುವುದು, ಹಣೆ ಒತ್ತುವುದು. ಈ ಸಲ ಕಣ್ಣು ಮರಗಟ್ಟುವ ಹನಿ ಬಿಟ್ಟು, ಕಣ್ಣಿನ ಮೇಲೇ ಒಂದು ಗಾಜು ಕೂರಿಸಿದರು. ಅದು ನೋಡಿದರೆ ನನ್ನ ಲೆನ್ಸಿನ ತಮ್ಮನ ಹಾಗಿತ್ತು. ಜೀವಮಾನವಿಡೀ ಅದೇ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನಾನು ಬೇರೆಯದನ್ನು ನೋಡಿದ್ದೆ. ಈಗ ಇನ್ನೊಬ್ಬರು ಗಾಜು ಹಿಡಿದು ನನ್ನನ್ನು ನೋಡುತ್ತಿದ್ದರು. ಹಸಿರು ಬೆಳಕು ಟಿಕ್ ಟಿಕ್ ಎಂದು ಬೀಳತೊಡಗಿತು. ಕೆಲವು ಏಟು ತಲೆಯ ಹಿಂದಕ್ಕೆ ಸೂಜಿ ಹೊಕ್ಕಂತೆ ಚುಚ್ಚಿದವು. ನಾನು ಅಲುಗಲಿಲ್ಲ. ಹೇರ್‌ಸ್ಪ್ರಿಂಗ್ ಕೂರಿಸುವಾಗ ಉಸಿರು ಹೇಗೆ ಹಿಡಿಯುತ್ತೇನೋ ಹಾಗೆ ಹಿಡಿದು ಕೂತೆ.

"ಯಜಮಾನ್ರೇ, ಎಷ್ಟು ಗಟ್ಟಿಯಾಗಿ ಕೂತಿದೀರಿ! ಮೂಗು ಕೆರೀತು, ಕೆಮ್ಮು ಬಂತು ಅಂತ ಏನೂ ಇಲ್ವಲ್ಲ," ಅಂದರು ಡಾಕ್ಟರು.

"ನಾನು ಕೆಮ್ಮಿದ್ರೆ ಸ್ಕ್ರೂ ಹಾರಿಹೋಗುತ್ತೆ ಮೇಡಂ."

ವಾಪಸ್ ಬರುವಾಗ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಕಪ್ಪು ಕನ್ನಡಕ ಹಾಕಿಕೊಂಡಿದ್ದೆ. ಎಲ್ಲ ಬಸ್ಸುಗಳೂ ಒಂದೇ ಬಣ್ಣದ ಬೆಟ್ಟದಂತೆ ಎದುರಿಗೆ ಬಂದು ನಿಲ್ಲುತ್ತಿದ್ದವು, ಬೋರ್ಡು ಓದಲಾಗುತ್ತಿರಲಿಲ್ಲ. ಜಯಮ್ಮ ನನ್ನ ಕೈ ಹಿಡಿದುಕೊಂಡಳು. ನಾವು ಬೀದಿಯಲ್ಲಿ ಕೈ ಹಿಡಿದು ನಡೆದ ಕಾಲದವರಲ್ಲ. ನಾನು ಮುಂದೆ, ಅವಳು ಹಿಂದೆ, ಅದು ನಮ್ಮ ನಡಿಗೆ. ಆವತ್ತು ಅವಳು ಮುಂದೆ. ಕಂಡಕ್ಟರ್ ಹತ್ತಿರ ತಾನೇ ಕೇಳಿ, ಜನರನ್ನು ತಳ್ಳಿ ನನ್ನನ್ನು ಹತ್ತಿಸಿ, ಸೀಟು ಹಿಡಿದು ಕೂರಿಸಿ, ಕೂತ ಮೇಲೂ ಕೈ ಬಿಡಲಿಲ್ಲ.

"ಬಿಡೇ, ಕೂತಿದೀನಲ್ಲ."

"ಯಾರೂ ನೋಡ್ತಿಲ್ಲ ಬಿಡ್ರೀ. ನೋಡಿದ್ರೂ ನಿಮಗೆ ಕಾಣಲ್ಲ."

ಅಂಗಡಿಯ ಹತ್ತಿರ ಬಾಷಾ ನನ್ನ ಕಪ್ಪು ಕನ್ನಡಕ ನೋಡಿ, "ಏನ್ ಗುರು, ಶೂಟಿಂಗ್ ಮುಗೀತಾ?" ಎಂದ. ಆಮೇಲೆ, ಬೆಳಿಗ್ಗೆಯಿಂದ ತಾನೇ ಕಾಯುತ್ತಿದ್ದ ನನ್ನ ಅಂಗಡಿಯ ಶಟರು ಎಳೆದು ಬೀಗ ಹಾಕಿ, ಕೀಲಿ ಜಯಮ್ಮನ ಕೈಗೆ ಕೊಟ್ಟ. ಲೇಸರು ಒಂದೇ ಸಲಕ್ಕೆ ಮುಗಿಯುವುದಲ್ಲ, ಎಡಗಣ್ಣಿನ ಇಂಜೆಕ್ಷನ್ನೂ ಒಂದೇ ಅಲ್ಲ. ಕಣ್ಣಿಗೆ ಸೂಜಿ ಎಂದು ಕೇಳಿಯೇ ಹೆದರಿದ್ದೆ. ಚುಚ್ಚಿದ್ದು ಮಾತ್ರ ತಿಳಿಯಲೇ ಇಲ್ಲ. ಅಂತೂ ಆ ಚಳಿಗಾಲ ಶಟರು ಎತ್ತಿದ ದಿನಕ್ಕಿಂತ ಎಳೆದ ದಿನ ಹೆಚ್ಚು.

ಜೀವಮಾನದಲ್ಲಿ ಮೊದಲ ಸಲ ಹಗಲು ಹೊತ್ತು ಮನೆಯಲ್ಲಿ ಕೂತೆ. ಏನು ಮಾಡಬೇಕು ಎಂದು ಗೊತ್ತಾಗದೆ ಒಳಗೂ ಹೊರಗೂ ಓಡಾಡುತ್ತಿದ್ದರೆ, ಜಯಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ತಂದು ಮುಂದೆ ಇಟ್ಟಳು.

"ಹಿತುಕ್ರೀ. ಇದಕ್ಕೆ ಕಣ್ಣು ಬೇಡ."

ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಮೊದಮೊದಲು ನನ್ನ ಬೇಳೆಗಳು ಪಾತ್ರೆ ಬಿಟ್ಟು ಅವಳ ಮಡಿಲಿಗೆ, ಬಾಗಿಲಾಚೆಗೆ, ಒಂದು ಸಲ ದೇವರ ಪಟಕ್ಕೂ ಹಾರಿದವು. "ವಾಚಿನ ಸ್ಕ್ರೂನೂ ಹೀಗೇ ಹಾರಿಸ್ತೀರಾ?" ಎಂದು ನಕ್ಕಳು. ಎರಡು ದಿನಕ್ಕೆ ಬೆರಳಿಗೆ ಹದ ಸಿಕ್ಕಿತು. ಬಿಸಿಲಿಗೆ ಬೆನ್ನು ಕೊಟ್ಟು ಹೊಸಿಲಿನ ಮೇಲೆ ಕೂತು ಇಬ್ಬರೂ ಹಿತುಕುತ್ತಿದ್ದೆವು. ಅವಳು ತನ್ನ ತಾಯಿಯ ವಿಷಯ ಹೇಳುತ್ತಿದ್ದಳು, ನಾನು ಮೇಷ್ಟ್ರ ವಿಷಯ. ಇಷ್ಟು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದರೂ ಹಗಲಿನ ಬೆಳಕಿನಲ್ಲಿ ಹೀಗೆ ಕೂತು ಮಾತಾಡಿರಲಿಲ್ಲ. ಆ ಸಲ ಜಿಲೇಬಿ ಇಲ್ಲ, ಅದೊಂದು ಬೇಜಾರು.

ಮಾತ್ರೆಗೆ ಅವಳೇ ಒಂದು ಉಪಾಯ ಹುಡುಕಿದಳು. ನನ್ನ ಲೆನ್ಸಿಗೆ ಒಂದು ಚಿಕ್ಕ ತಗಡಿನ ಡಬ್ಬಿ ಇದೆ. ದಿನಾ ಮುಂಜಾನೆ ಅದರೊಳಗೆ ಲೆನ್ಸಿನ ಪಕ್ಕ ಮಾತ್ರೆ ಹಾಕಿ ಇಡುತ್ತಾಳೆ. ಕೆಲಸ ಶುರು ಮಾಡಬೇಕಾದರೆ ಡಬ್ಬಿ ತೆರೆಯಲೇಬೇಕು. ಮಾತ್ರೆ ನುಂಗದೆ ಲೆನ್ಸು ಎತ್ತುವಂತಿಲ್ಲ. ಇವತ್ತಿಗೂ ಅದೇ ನಿಯಮ.

ಬೇಸಿಗೆಯ ಹೊತ್ತಿಗೆ ಬಲಗಣ್ಣು ಗಟ್ಟಿಯಾಯಿತು. ಕತ್ತಲಾದ ಮೇಲೆ ಮೊದಲಿನಷ್ಟು ಚುರುಕಿಲ್ಲ, ಹಾಗಾಗಿ ಬೆಳಕಿರುವಾಗಲೇ ಅಂಗಡಿ ಮುಚ್ಚುತ್ತೇನೆ. ಮತ್ತೆ ಪೂರ್ತಿ ಕೆಲಸಕ್ಕೆ ಶಟರು ಎತ್ತಿದ ಮೊದಲ ದಿನ ಮುಗಿಸಿದ್ದು ಆ ಟೀಚರ ವಾಚು. ಅವರು ಬೇರ್‍ಯಾರಿಗೂ ಕೊಡದೆ, ನನ್ನ ಹತ್ತಿರವೇ ಬಿಟ್ಟು ಕಾದಿದ್ದರು. ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಎಣ್ಣೆ ಬಿಟ್ಟು ಕೂರಿಸಿದಾಗ ಒಳಗಿನ ಚಕ್ರ ಒಂದು ಸಲ ತಡೆದು, ಆಮೇಲೆ ತಾನಾಗಿ ಆಡತೊಡಗಿತು. ನನಗೆ ಕಣ್ಣು ತುಂಬಿ ಬಂತು. ಲೆನ್ಸು ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದೆ.

ಅಂದಿನಿಂದ ವರ್ಷವರ್ಷವೂ ಇಬ್ಬರೂ ಫೋಟೋ ತೆಗೆಸುತ್ತೇವೆ. ಚೈತ್ರಾ ಈಗ ಬಸವನಗುಡಿಯ ಕ್ಲಿನಿಕ್ಕಿನಲ್ಲಿದ್ದಾಳೆ. ನಾವೂ ಅಲ್ಲಿಗೇ ಹೋಗುತ್ತೇವೆ, ಡಾಕ್ಟರೂ ವಾರಕ್ಕೊಮ್ಮೆ ಅಲ್ಲಿ ಕೂರುತ್ತಾರೆ. ಮೊನ್ನೆ ಹೋದದ್ದು ಅದಕ್ಕೇ. "ಬನ್ನಿ ವಾಚ್ ಅಂಕಲ್" ಎಂದು ಕೂರಿಸಿ, ಆಮೇಲೆ ನನ್ನ ಬಲಗಣ್ಣಿನ ಚಿತ್ರ ತೋರಿಸಿದಳು. ನಡುಭಾಗ ಸ್ವಚ್ಛ. ಸುತ್ತ ಅಂಚಿನಲ್ಲಿ ಲೇಸರಿನ ಬಿಳಿ ಗುರುತುಗಳು, ಡಯಲಿನ ಸುತ್ತ ನಿಮಿಷದ ಚುಕ್ಕಿ ಇಟ್ಟ ಹಾಗೆ. ಇಟ್ಟ ಕೈ ಸ್ವಲ್ಪ ಅಡ್ಡಾದಿಡ್ಡಿ, ಆದರೂ ಕೆಲಸ ಗಟ್ಟಿ. ಹೋದ ವರ್ಷ ಇದ್ದ ಹಾಗೇ ಇದೆ ಅಂದರು ಡಾಕ್ಟರು.

ಜಯಮ್ಮನ ಚಿತ್ರ ಬಂದಾಗ ಅವರು ಪೆನ್ನು ಎತ್ತಿಕೊಂಡರು. ಅವರು ಪೆನ್ನು ಎತ್ತಿದರೆ ಏನೆಂದು ನನಗೆ ಗೊತ್ತು. ಕಿತ್ತಳೆ ಬಣ್ಣದ ಮೇಲೆ, ಒಂದು ಕೊಂಬೆಯ ಪಕ್ಕದಲ್ಲಿ, ಒಂದೇ ಒಂದು ಕೆಂಪು ಚುಕ್ಕಿ.

"ಇದೇನ್ ಮೇಡಂ? ಇದು ಹೋದ್ವರ್ಷ ಇರಲಿಲ್ಲ. ಇವಳು ಒಂದು ಮಾತ್ರೆ ತಪ್ಪಿಸಿಲ್ಲ!" ನನ್ನ ಧ್ವನಿ ಜೋರಾಗಿತ್ತು.

"ಗಾಬರಿ ಬೇಡ ಯಜಮಾನ್ರೇ. ವರ್ಷ ಕಳೀತಾ ಇಷ್ಟು ಬರೋದಿದೆ. ಈಗ ಇದಕ್ಕೆ ಏನೂ ಮಾಡೋದು ಬೇಡ. ಸಕ್ಕರೆ, ಬಿಪಿ ಹೀಗೇ ಹತೋಟೀಲಿರಲಿ, ಬೇಗ ಇನ್ನೊಂದು ಫೋಟೋ ತೆಗೆಯೋಣ."

ಹಿಂದೆ ಫೋಟೋಗೇ ಹೆದರಿದ್ದವಳು ಆರಾಮಾಗಿ ಕೂತು ಪರದೆಯನ್ನು ನೋಡಿದಳು. "ಓಡ್ತಿರುವಾಗ್ಲೇ ಸಿಕ್ತಲ್ಲ ಬಿಡ್ರೀ," ಎಂದು ಎದ್ದಳು. ಗಾಂಧಿಬಜಾರಿನಲ್ಲಿ ಎರಡು ಕಡೆ ಮೂಸಿ ನೋಡಿ, ಚೌಕಾಸಿ ಮಾಡಿ, ಚೀಲ ತುಂಬ ಅವರೆಕಾಯಿ ತಗೊಂಡಳು. ಬಸ್ಸಿನಲ್ಲಿ ಈ ಸಲ ಕೈ ಹಿಡಿದದ್ದು ನಾನು.

ಕಾಯಿ ಸುಲಿದು ರಾತ್ರಿ ಕಾಳು ನೆನೆಸಿದ್ದೆವು. ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಹೊಸಿಲ ಮೇಲೆ ಪಾತ್ರೆ ನಡುವೆ ಇಟ್ಟುಕೊಂಡು ಕೂತೆವು. ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಇದೆ. ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಗೋಡೆ ಗಡಿಯಾರ ನೋಡುವುದು. ಫೋಟೋದಲ್ಲಿ ಕಾಣುವುದೆಲ್ಲ ಇದರಲ್ಲಿ ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಆದರೂ ಬಿಟ್ಟಿಲ್ಲ. ಆವತ್ತು ಅವಳನ್ನೇ ಮೊದಲು ಕೂರಿಸಿದೆ.

"ಬಲಗಣ್ಣು ಮುಚ್ಚು. ಕಾಣ್ತಾ?"

"ಎಲ್ಲಾ ಕಾಣುತ್ತೆ."

"ಎಡಗಣ್ಣು ಮುಚ್ಚು. ಈಗ?"

"ಅದರಲ್ಲೂ ಕಾಣುತ್ತೆ. ಅಯ್ಯೋ, ಸಾಕ್ ಬಿಡಿ. ಈಗ ನಿಮ್ಮ ಸೋಮಾರಿ ಕಣ್ಣಲ್ಲಿ ನೋಡಿ."

ಬಲಗಣ್ಣು ಮುಚ್ಚಿದೆ. ಎಡಗಣ್ಣಿನ ಎದುರು ಗಡಿಯಾರ ನಿಧಾನಕ್ಕೆ ಬಂದು ನಿಂತಿತು. ನಡುವಿನ ಬೂದು ತೇಪೆ ಈಗ ತೆಳ್ಳಗಾಗಿದೆ, ಹಳೆಯ ಸೊಳ್ಳೆಪರದೆಯ ಹಾಗೆ.

"ಚಿಕ್ಕ ಮುಳ್ಳು ಕಾಣುತ್ತೆ. ದೊಡ್ಡ ಮುಳ್ಳೂ ಕಾಣುತ್ತೆ."

"ಸೆಕೆಂಡ್ ಮುಳ್ಳು?"

"ಅದನ್ನ ನೀನು ನೋಡಿ ಹೇಳು."

ಅವಳು ಗಡಿಯಾರದ ಕಡೆ ತಿರುಗಿ, ನಿಜವಾಗಿಯೂ ಹೇಳತೊಡಗಿದಳು.

"ಮೂರು ದಾಟ್ತು... ನಾಲ್ಕರ ಹತ್ರ ಬಂತು... ಐದು... ಕೈ ಯಾಕೆ ನಿಲ್ಲಿಸಿದ್ರಿ? ಹಿತುಕ್ರೀ, ಮಧ್ಯಾಹ್ನಕ್ಕೆ ಸಾರಾಗ್ಬೇಕು."